ಡೇಗೆಯ ಬಾಡಿಗೆಗೆ ಸಿಕ್ಕ ದ್ವೀಪ

ವಲೆಟ್ಟಾ ನಗರದ ಕೋಟೆಗೋಡೆಯ ನೆತ್ತಿಯಲ್ಲಿ ಅಪ್ಪರ್ ಬರಾಕ್ಕಾ ಎಂಬ ಉದ್ಯಾನವಿದೆ. ಅದರ ಕೆಳಗಿನ ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿದ ತೋಪುಗಳಲ್ಲೊಂದು ನಡುಹಗಲು ಹನ್ನೆರಡಕ್ಕೆ ಸರಿಯಾಗಿ ಗುಡುಗುತ್ತದೆ. ಬಂದರಿನಲ್ಲಿದ್ದ ಹಡಗುಗಳು ತಮ್ಮ ಗಡಿಯಾರ ಸರಿಪಡಿಸಿಕೊಳ್ಳಲೆಂದು ಬ್ರಿಟಿಷರ ಕಾಲದಲ್ಲಿ ನಡೆಯುತ್ತಿದ್ದ ಪದ್ಧತಿ ಇದು. ಈಗ ನೋಡಲು ಬಂದವರಿಗೊಂದು ಮೋಜು. ಸದ್ದಿಗೆ ಬೆಚ್ಚಿ, ಆಮೇಲೆ ನಗುವವರು ಪ್ರವಾಸಿಗಳು. ಬೆಚ್ಚದೆ ತಮ್ಮ ಪಾಡಿಗೆ ನಡೆಯುವವರು ಊರಿನವರು. ಇವರಿಬ್ಬರಲ್ಲದ ಮೂರನೆಯ ಗುಂಪೊಂದು ಮಾಲ್ಟಾದಲ್ಲಿ ಈಗ ಎಲ್ಲೆಲ್ಲೂ ಕಾಣುತ್ತದೆ. ಊರಬಾಗಿಲಿನ ಹೊರಗೆ, ಟ್ರೈಟನ್ ಕಾರಂಜಿಯ ಪಕ್ಕದ ನಿಲ್ದಾಣದಲ್ಲಿ ಬಸ್ಸಿನ ಚಕ್ರ ಹಿಡಿದು ಕುಳಿತ ಭಾರತೀಯ ಚಾಲಕ, ಬೆನ್ನ ಮೇಲೆ ಊಟದ ಪೆಟ್ಟಿಗೆ ಹೊತ್ತು ಸ್ಕೂಟರ್ ಏರಿದ ನೇಪಾಳದ ಹುಡುಗ, ಮಧ್ಯಾಹ್ನದ ಪಾಳಿಗೆ ಹೊರಟ ಮಲೆಯಾಳಿ ನರ್ಸ್. ಇವರೂ ಬೆಚ್ಚುವುದಿಲ್ಲ. ಆದರೆ ಇವರು ಊರಿನವರೇ? ಇದಕ್ಕೆ ಉತ್ತರ ಹೇಳುವುದು ಅಲ್ಲಿನ ಸರ್ಕಾರಕ್ಕೂ ಸುಲಭವಾಗಿಲ್ಲ.

ಮೆಡಿಟರೇನಿಯನ್ ಸಮುದ್ರದ ನಡುಮಧ್ಯದಲ್ಲಿ, ಸಿಸಿಲಿಯಿಂದ ತೊಂಬತ್ತು ಚಿಲ್ಲರೆ ಕಿಲೋಮೀಟರ್ ದಕ್ಷಿಣಕ್ಕಿದೆ ಮಾಲ್ಟಾ. ಪಕ್ಕದ ಗೋಝೋ, ಕೊಮಿನೋ ದ್ವೀಪಗಳನ್ನೂ ಸೇರಿಸಿದರೆ ಒಟ್ಟು ವಿಸ್ತೀರ್ಣ 316 ಚದರ ಕಿಲೋಮೀಟರ್. ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಜೇನುಬಣ್ಣದ ಸುಣ್ಣಕಲ್ಲು, ಅದರಿಂದಲೇ ಕಟ್ಟಿದ ಮನೆಗಳು, ಮನೆಗಳಿಗೆ ಹಸಿರು, ಕೆಂಪು ಬಣ್ಣ ಬಳಿದ ಮರದ ಮುಚ್ಚುಬಾಲ್ಕನಿಗಳು. 2011ರ ಜನಗಣತಿಯಲ್ಲಿ ಇಲ್ಲಿ ನೂರಕ್ಕೆ ಐವರಷ್ಟೇ ವಿದೇಶೀಯರಿದ್ದರು. 2021ರ ಹೊತ್ತಿಗೆ ಐದು ಲಕ್ಷ ಇಪ್ಪತ್ತು ಸಾವಿರ ಜನರಲ್ಲಿ ಒಂದು ಲಕ್ಷ ಹದಿನೈದು ಸಾವಿರ ಮಂದಿ ಹೊರಗಿನವರು. ಹತ್ತೇ ವರ್ಷದಲ್ಲಿ ಐದು ಪಟ್ಟು! ಇಟಲಿಯವರು, ಬ್ರಿಟಿಷರು ಬಿಟ್ಟರೆ ಆ ಪಟ್ಟಿಯಲ್ಲಿ ಮುಂದಿನ ಹೆಸರು ನಮ್ಮ ದೇಶದ್ದು.

ಹೊರಗಿನವರು ಬಂದು ಠಿಕಾಣಿ ಹೂಡುವುದು ಮಾಲ್ಟಾಕ್ಕೆ ಹೊಸದೇನಲ್ಲ. ನಾಡಿನ ಹೆಸರಾಂತ ಕಟ್ಟಡಗಳೆಲ್ಲ ಹೊರಗಿನವರು ಕಟ್ಟಿಸಿದವೇ. ತುರ್ಕರು ರೋಡ್ಸ್ ದ್ವೀಪದಿಂದ ಹೊರದೂಡಿದ ಮೇಲೆ ಸಂತ ಜಾನ್ ಪಂಥದ ನೈಟ್‌ಗಳು ಏಳು ವರ್ಷ ನೆಲೆಯಿಲ್ಲದೆ ಅಲೆದರು. 1530ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಮಾಲ್ಟಾ, ಗೋಝೋ ದ್ವೀಪಗಳನ್ನೂ ಜೊತೆಗೆ ಟ್ರಿಪೋಲಿಯನ್ನೂ ಅವರಿಗೆ ಬಿಟ್ಟುಕೊಟ್ಟ. ಬಾಡಿಗೆ? ವರ್ಷಕ್ಕೊಂದು ಬೇಟೆಯ ಡೇಗೆ. ದ್ವೀಪದಲ್ಲಿ ವಾಸಕ್ಕೆ ಪರದೇಶಿಗಳು ತೆತ್ತ ಶುಲ್ಕಗಳಲ್ಲಿ ಇಷ್ಟು ಅಗ್ಗದ್ದು ಇನ್ನೊಂದಿರಲಾರದು. 1565ರಲ್ಲಿ ತುರ್ಕರ ಮಹಾಮುತ್ತಿಗೆಯನ್ನು ಎದುರಿಸಿ ಗೆದ್ದ ಮರುವರ್ಷ ಅವರು ವಲೆಟ್ಟಾ ನಗರಕ್ಕೆ ಅಡಿಗಲ್ಲಿಟ್ಟರು. ಫ್ರಾನ್ಸ್, ಇಟಲಿ, ಅರಗಾನ್, ಕಾಸ್ಟೀಲ್ ಎಂದು ಭಾಷೆಭಾಷೆಯವರಿಗೆ ಬೇರೆಬೇರೆ ಬಿಡದಿಮನೆಗಳೆದ್ದವು. ಕಾಸ್ಟೀಲ್‌ನವರ ಬಿಡದಿಯಲ್ಲಿ ಇಂದು ಪ್ರಧಾನಮಂತ್ರಿಯ ಕಚೇರಿಯಿದೆ. 1798ರಲ್ಲಿ ನೆಪೋಲಿಯನ್ ಬಂದು ನೈಟ್‌ಗಳನ್ನು ಓಡಿಸಿದ. ಎರಡು ವರ್ಷದಲ್ಲಿ ಅವನ ಸೈನ್ಯವನ್ನೂ ಹೊರಹಾಕಲು ಬ್ರಿಟಿಷರು ನೆರವಾದರು. ನೆರವಾಗಲು ಬಂದವರು ಸ್ವಾತಂತ್ರ್ಯ ಬಂದ 1964ರವರೆಗೂ ಉಳಿದರು. ನಮಗೆ ಪರಿಚಿತವಾದ ಕಥೆಯೇ.

ಆ ಬ್ರಿಟಿಷರ ಹಡಗುಗಳ ಬೆನ್ನಿಗೇ ಬಂದವರು ಸಿಂಧಿ ವ್ಯಾಪಾರಿಗಳು. ಪೋಹೂಮಲ್ ಬ್ರದರ್ಸ್ ಎಂಬ ಸಂಸ್ಥೆ 1887ರಲ್ಲೇ ವಲೆಟ್ಟಾದಲ್ಲಿ ವ್ಯಾಪಾರ ತೆರೆಯಿತು. ಸೂಯೆಜ್ ಕಾಲುವೆಯ ದಾರಿಯಲ್ಲಿ ಹೋಗಿಬರುವ ಹಡಗಿನ ಪ್ರಯಾಣಿಕರಿಗೆ ರೇಷ್ಮೆ, ಕುಸುರಿ ಸಾಮಾನು ಮಾರುವುದು ಅವರ ಕಸುಬು. ಹಡಗುಗಳು ಕಡಿಮೆಯಾದ ಮೇಲೆ ಊರಿನವರಿಗೇ ಬಟ್ಟೆ ಮಾರುತ್ತ ಅವರು ಅಲ್ಲಿಯವರಾಗಿಬಿಟ್ಟರು. ಇಂದು ಮಾಲ್ಟಾ ಭಾಷೆಯಲ್ಲೇ ಗಿರಾಕಿಯೊಡನೆ ಚೌಕಾಸಿ ಮಾಡುವ ಸಿಂಧಿ ಅಂಗಡಿಯವನನ್ನು ಯಾರೂ ‘ಎಲ್ಲಿಂದ ಬಂದೆ’ ಎಂದು ಕೇಳುವುದಿಲ್ಲ.

ಮಾಲ್ಟಾದವರೂ ಹೊರಗೆ ಹೋದವರೇ. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಲಕ್ಷಕ್ಕೂ ಹೆಚ್ಚು ಮಂದಿ ಹೊಟ್ಟೆಪಾಡಿಗಾಗಿ ಆಸ್ಟ್ರೇಲಿಯ, ಬ್ರಿಟನ್, ಕೆನಡಾಗಳಿಗೆ ಹಡಗು ಹತ್ತಿದರು. ಅಲ್ಲಿನ ಪೌರತ್ವ ಪಡೆದವರು ಮಾಲ್ಟಾದ ಪೌರತ್ವ ಕಳೆದುಕೊಂಡರು. ಆಗಿನ ಕಾನೂನು ಹಾಗಿತ್ತು. ಎರಡು ಪೌರತ್ವಕ್ಕೆ ಪೂರ್ತಿ ಒಪ್ಪಿಗೆ ಬಂದದ್ದು 2000ನೇ ಇಸವಿಯಲ್ಲಿ. 2007ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಿದೇಶದಲ್ಲೇ ಹುಟ್ಟಿ ಬೆಳೆದ ಮೊಮ್ಮಕ್ಕಳು, ಮರಿಮಕ್ಕಳಿಗೂ ವಂಶಾವಳಿಯ ದಾಖಲೆ ತೋರಿಸಿ ಪೌರರಾಗುವ ಅವಕಾಶ ಕೊಟ್ಟರು. ರಕ್ತಸಂಬಂಧಕ್ಕೆ ತೆರೆದ ಬಾಗಿಲು ಇದು. ಇದರ ಬಗ್ಗೆ ಯಾರದೂ ತಕರಾರಿಲ್ಲ.

ತಕರಾರು ಎದ್ದದ್ದು ಹಣಕ್ಕೆ ಬಾಗಿಲು ತೆರೆದಾಗ. 2013ರ ಕೊನೆಯಲ್ಲಿ ಜೋಸೆಫ್ ಮಸ್ಕಟ್ ಅವರ ಸರ್ಕಾರ ಪೌರತ್ವಕ್ಕೆ ಬೆಲೆ ಕಟ್ಟಿತು. ಸರ್ಕಾರಕ್ಕೆ ಕೊಡಬೇಕಾದದ್ದು 6 ಲಕ್ಷ 50 ಸಾವಿರ ಯೂರೋ. ಅಂದಿನ ಲೆಕ್ಕದಲ್ಲಿ ಐದು ಕೋಟಿ ರೂಪಾಯಿಗೂ ಮೇಲೆ. ಗದ್ದಲವೆದ್ದ ಮೇಲೆ ಇನ್ನಷ್ಟು ಷರತ್ತು ಸೇರಿದವು: ಒಂದೂವರೆ ಲಕ್ಷ ಯೂರೋ ಸಾಲಪತ್ರಗಳಲ್ಲಿ ಹಾಕಬೇಕು, ಮೂರೂವರೆ ಲಕ್ಷದ ಮನೆ ಕೊಳ್ಳಬೇಕು, ಇಲ್ಲವೇ ವರ್ಷಕ್ಕೆ 16 ಸಾವಿರ ಬಾಡಿಗೆಯ ಮನೆ ಹಿಡಿಯಬೇಕು, ಹನ್ನೆರಡು ತಿಂಗಳು ‘ವಾಸ’ ಇರಬೇಕು. ಮಾಲ್ಟಾ 2004ರಿಂದ ಯುರೋಪಿಯನ್ ಒಕ್ಕೂಟದ ಸದಸ್ಯ. ಅಲ್ಲಿಯ ಪಾಸ್‌ಪೋರ್ಟ್ ಕೈಗೆ ಬಂತೆಂದರೆ ಪ್ಯಾರಿಸ್ಸಿನಲ್ಲೋ ಬರ್ಲಿನ್ನಿನಲ್ಲೋ ಮನೆಮಾಡಿ ದುಡಿಯುವ ಹಕ್ಕು ಬಂದಂತೆಯೇ. ಕೊಳ್ಳುವವರ ಕಣ್ಣಿದ್ದದ್ದು ಅದರ ಮೇಲೆ, ಈ ಸುಣ್ಣಕಲ್ಲಿನ ದ್ವೀಪದ ಮೇಲಲ್ಲ.

ಸ್ಲೀಮಾದ ಕಡಲಂಚಿನ ಬಹುಮಹಡಿಗಳಲ್ಲಿ ಬಾಡಿಗೆ ಸಂದಾಯವಾಗುತ್ತಿದ್ದರೂ ದೀಪ ಹತ್ತದ ಮನೆಗಳು ಇದಕ್ಕೆ ಸಾಕ್ಷಿ. ‘ವಾಸ’ವೆಂದರೆ ಮನೆಯ ಕರಾರುಪತ್ರ ಎಂದಾಗಿತ್ತೇ ಹೊರತು ಮನೆಯಲ್ಲಿ ಮನುಷ್ಯರಿರಬೇಕೆಂದೇನಿರಲಿಲ್ಲ. 2021ರಲ್ಲಿ ಪತ್ರಕರ್ತರು ಸೋರಿಹೋದ ಕಡತಗಳನ್ನು ಜಾಲಾಡಿದಾಗ, ಅರ್ಜಿದಾರರು ಆ ವರ್ಷದಲ್ಲಿ ದ್ವೀಪದಲ್ಲಿ ಇರಬೇಕೆಂದುಕೊಂಡದ್ದು ಸರಾಸರಿ ಮೂರು ವಾರಕ್ಕೂ ಕಡಿಮೆ ಎಂಬುದು ಬಯಲಾಯಿತು. ಹೊಸ ಪೌರರ ಹೆಸರುಗಳನ್ನು ಸರ್ಕಾರಿ ಗೆಜೆಟ್ಟಿನಲ್ಲಿ ಪ್ರಕಟಿಸುತ್ತಿದ್ದರು, ನಿಜ. ಆದರೆ ಹಣ ಕೊಟ್ಟು ಬಂದವರು, ಹತ್ತಾರು ವರ್ಷ ದುಡಿದು ಪಡೆದವರು ಎಲ್ಲರೂ ಒಂದೇ ಪಟ್ಟಿಯಲ್ಲಿ ಬೆರೆತಿರುತ್ತಿದ್ದರು. ಯಾರು ಯಾವ ಬಾಗಿಲಿನಿಂದ ಬಂದವರೆಂದು ಗುರುತಿಸುವಂತಿರಲಿಲ್ಲ.

ಈ ಮಾರಾಟದ ವಿರುದ್ಧ ಬರೆದವರಲ್ಲಿ ಡಾಫ್ನೆ ಕರುವಾನಾ ಗಲಿಜಿಯಾ ಒಬ್ಬರು. 2017ರ ಅಕ್ಟೋಬರ್ 16ರಂದು ಅವರ ಕಾರಿಗೆ ಬಾಂಬಿಟ್ಟು ಕೊಂದರು. ಕೊಲೆಗೆ ಕಾರಣ ಪಾಸ್‌ಪೋರ್ಟಿನ ಬರಹವೇ ಎನ್ನುವಂತಿಲ್ಲ. ಅವರು ಬಯಲಿಗೆಳೆದ ಹಗರಣಗಳು ಹಲವಿದ್ದವು. ವಲೆಟ್ಟಾದ ನ್ಯಾಯಾಲಯದ ಎದುರು ಮಹಾಮುತ್ತಿಗೆಯ ಸ್ಮಾರಕವಿದೆ. ಅದರ ಬುಡದಲ್ಲಿ ಜನ ಅವರ ಚಿತ್ರವಿಟ್ಟು ಹೂವು, ಮೇಣದಬತ್ತಿ ಇಡತೊಡಗಿದರು. ಸರ್ಕಾರದ ಆಳುಗಳು ಬಂದು ಗುಡಿಸಿಹಾಕುವುದು, ಮರುದಿನ ಜನ ಮತ್ತೆ ಇಡುವುದು. ಗುಡಿಸಿದ್ದು ತಪ್ಪು ಎಂದು 2020ರಲ್ಲಿ ಎದುರಿಗಿನ ನ್ಯಾಯಾಲಯವೇ ಹೇಳಿತು.

ಯೋಜನೆ ಮಾತ್ರ ಹೆಸರು ಬದಲಿಸಿಕೊಂಡು ಮುಂದುವರಿಯಿತು. 2020ರ ಹೊಸ ನಿಯಮದಲ್ಲಿ ಮೂರು ವರ್ಷ ಕಾಯುವವರಿಗೆ 6 ಲಕ್ಷ ಯೂರೋ, ಒಂದೇ ವರ್ಷ ಕಾಯುವ ಅವಸರದವರಿಗೆ ಏಳೂವರೆ ಲಕ್ಷ. ನಮ್ಮ ರೈಲ್ವೆಯ ತತ್ಕಾಲ್ ಟಿಕೆಟಿನ ಹಾಗೆ ಎನ್ನಿ. ಈ ದಾರಿಯಿಂದ ಖಜಾನೆಗೆ ನೂರು ಕೋಟಿ ಯೂರೋಗೂ ಹೆಚ್ಚು ಬಂತು, ಅದರಲ್ಲಿ ಬಡವರ ವಸತಿಗೂ ಒಂದಿಷ್ಟು ಹೋಯಿತು ಎಂಬುದನ್ನು ಒಪ್ಪಬೇಕು. ಕಡೆಗೆ ಯುರೋಪಿಯನ್ ಆಯೋಗ ನ್ಯಾಯಾಲಯದ ಮೆಟ್ಟಿಲೇರಿತು. 2025ರ ಏಪ್ರಿಲ್ 29ರಂದು ಒಕ್ಕೂಟದ ನ್ಯಾಯಾಲಯ ತೀರ್ಪಿತ್ತಿತು: ಪೌರತ್ವವೆಂಬುದು ದೇಶಕ್ಕೂ ಪ್ರಜೆಗೂ ನಡುವಿನ ವಿಶ್ವಾಸದ ನಂಟು, ಅದನ್ನು ವ್ಯಾಪಾರದ ಸರಕು ಮಾಡುವಂತಿಲ್ಲ. ಅದೇ ಜುಲೈನಲ್ಲಿ ಮಾಲ್ಟಾ ಕಾನೂನು ತಿದ್ದಿ ಆ ಬಾಗಿಲು ಮುಚ್ಚಿತು. ಹಣವಂತರಿಗೆ ಪೌರತ್ವವಲ್ಲದಿದ್ದರೂ ವಾಸದ ಪರವಾನಗಿ ಪಡೆಯುವ ದಾರಿಗಳು ಉಳಿದಿವೆ. ಮನೆ ಕೊಂಡು ಇಲ್ಲವೇ ಹಿಡಿದು, ವರ್ಷಕ್ಕೆ ಕನಿಷ್ಠ 15 ಸಾವಿರ ಯೂರೋ ತೆರಿಗೆ ಕಟ್ಟುತ್ತ ಇರುವುದೂ ಅವುಗಳಲ್ಲೊಂದು.

ಇನ್ನು ಬೆವರಿನ ಬಾಗಿಲು. ನರ್ಸ್ ಆಗಿ, ಚಾಲಕನಾಗಿ, ಹೋಟೆಲಿನ ಅಡುಗೆಯವನಾಗಿ ಬರುವವರಿಗೆ ಕೆಲಸಕ್ಕೂ ವಾಸಕ್ಕೂ ಸೇರಿಸಿ ಒಂದೇ ಪರವಾನಗಿ. ಅದು ಕೆಲಸ ಕೊಟ್ಟ ಧಣಿಗೆ ಅಂಟಿಕೊಂಡಿರುತ್ತದೆ. ಕೆಲಸ ಹೋದರೆ ಹತ್ತೇ ದಿನದಲ್ಲಿ ಬೇರೆ ಧಣಿಯನ್ನು ಹುಡುಕಿಕೊಳ್ಳಬೇಕಿತ್ತು. 2025ರ ಆಗಸ್ಟಿನಿಂದ ಈ ಅವಧಿಯನ್ನು ಮೂವತ್ತು ದಿನಕ್ಕೆ ಏರಿಸಿದ್ದಾರೆ. ದೇಶದ ದೊಡ್ಡಾಸ್ಪತ್ರೆ ಮಾಟೆರ್ ದೇಯಿಯಲ್ಲಿ ಭಾರತದ ನರ್ಸ್‌ಗಳಿಲ್ಲದೆ ಪಾಳಿ ನಡೆಯದು. ಹೆಚ್ಚಿನವರು ಕೇರಳದವರು, ಮಂಗಳೂರು, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿದವರೂ ಅವರಲ್ಲಿದ್ದಾರೆ. ಕೊರೋನಾದ ಹಾವಳಿಯ ನಡುವೆಯೇ, 2021ರಲ್ಲಿ, ಬ್ರಿಟನ್ನಿನ ಆಸ್ಪತ್ರೆಗಳು ಕರೆದಾಗ ಇವರಲ್ಲಿ ಅನೇಕರು ಗಂಟುಮೂಟೆ ಕಟ್ಟಿದರು. ಆಗ ಅಲ್ಲಿನವರಿಗೆ ತಮ್ಮ ವಾರ್ಡುಗಳನ್ನು ನಡೆಸುತ್ತಿದ್ದವರು ಯಾರೆಂದು ಹೊಳೆಯಿತು.

ಹಾಗಾದರೆ ಉಳಿಯಬೇಕೆನ್ನುವವರಿಗೆ ಪೌರತ್ವ ಯಾವಾಗ? 1965ರ ಕಾನೂನಿನಲ್ಲಿ ಉತ್ತರ ಸರಳವಾಗಿದೆ. ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಸತತ ವಾಸ, ಅದಕ್ಕೂ ಹಿಂದಿನ ಆರು ವರ್ಷಗಳಲ್ಲಿ ಒಟ್ಟು ನಾಲ್ಕು ವರ್ಷ ವಾಸ, ಮಾಲ್ಟಾ ಭಾಷೆಯ ಅಥವಾ ಇಂಗ್ಲಿಷಿನ ಜ್ಞಾನ, ಒಳ್ಳೆಯ ನಡತೆ. ಅಂದರೆ ಐದು ವರ್ಷದ ಮಾತು. ಆದರೆ ಕೊಡುವುದು ಬಿಡುವುದು ಸಚಿವರ ಇಚ್ಛೆ. ಕೊಡದಿದ್ದರೆ ಕಾರಣ ಹೇಳಬೇಕಾಗಿಲ್ಲ. ಹತ್ತು, ಹದಿನೈದು ವರ್ಷ ತೆರಿಗೆ ಕಟ್ಟಿಯೂ ಕಾಯುತ್ತಿರುವವರಿದ್ದಾರೆ. ಸಾಹುಕಾರನಿಗೆ ಒಂದು ವರ್ಷದಲ್ಲಿ ಕೈಗೆ ಬಂದದ್ದು ಇದೇ ಕಾಗದ. ಅಲ್ಲೇ ಹುಟ್ಟಿದ ಮಕ್ಕಳ ಪಾಡೂ ಅಷ್ಟೇ. 1989ರ ಆಗಸ್ಟಿಗೆ ಮುಂಚೆ ಆ ನೆಲದಲ್ಲಿ ಹುಟ್ಟಿದರೆ ಸಾಕಿತ್ತು. ಆಮೇಲೆ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಮಾಲ್ಟಾದ ಪೌರರಾಗಿರಬೇಕು. ಮಾಟೆರ್ ದೇಯಿಯಲ್ಲೇ ಹುಟ್ಟಿ, ಅಲ್ಲಿನ ಶಾಲೆಯಲ್ಲೇ ಓದುವ ನರ್ಸಿನ ಮಗು ಕಾಗದದ ಮೇಲೆ ಭಾರತೀಯ ಪ್ರಜೆ.

ಪೌರತ್ವದ ಗೊಡವೆ ಬಿಟ್ಟು, ಐದು ವರ್ಷ ಕಳೆದವರು ‘ದೀರ್ಘಕಾಲದ ನಿವಾಸಿ’ ಎನ್ನಿಸಿಕೊಳ್ಳಬಹುದು. ಅದಕ್ಕೆ ದೇಶದ ಇತಿಹಾಸ, ಸಮಾಜಗಳ ಪಾಠಕ್ಕೆ ಕೂರಬೇಕು, ಮಾಲ್ಟಾ ಭಾಷೆಯಲ್ಲಿ ಪರೀಕ್ಷೆ ಪಾಸಾಗಬೇಕು. ಹಣ ಕೊಟ್ಟವರಿಗೆ ಈ ಪರೀಕ್ಷೆಯ ಕಾಟವಿರಲಿಲ್ಲ. ವಿಚಿತ್ರ ಚೆಲುವಿನ ಭಾಷೆ ಅದು. ಬೇರು ಅರಬಿ, ಲಿಪಿ ರೋಮನ್, ಪದಗಳಲ್ಲಿ ಅರ್ಧ ಇಟಲಿ, ಸಿಸಿಲಿಯವು. ಕ್ಯಾಥೊಲಿಕ್ ಚರ್ಚಿನಲ್ಲಿ ದೇವರನ್ನು ‘ಅಲ್ಲಾ’ ಎಂದೇ ಕರೆಯುತ್ತಾರೆ. ಈಸ್ಟರಿಗೆ ಮುಂಚಿನ ಉಪವಾಸದ ಕಾಲಕ್ಕೆ ‘ರಂದಾನ್’ ಎನ್ನುತ್ತಾರೆ. ಕೊಲ್ಲಿ ದೇಶದಲ್ಲಿ ನಾಲ್ಕು ವರ್ಷ ದುಡಿದು ಬಂದ ನರ್ಸಿಗೆ ಅಂಕಿಗಳು ಕೇಳಿದ ಕೂಡಲೇ ತಿಳಿಯುತ್ತವೆ, ವ್ಯಾಕರಣ ತಿಳಿಯುವುದಿಲ್ಲ. ಪಾಳಿ ಮುಗಿಸಿ, ಕಣ್ಣೆಳೆಯುತ್ತಿದ್ದರೂ ಸಂಜೆ ತರಗತಿಗೆ ಹೋಗಿ ಕೂರುವವರು ಇವರು.

ಎಲ್ಲ ದಾಟಿ, ಒಂದು ದಿನ ಪೌರತ್ವದ ಪ್ರಮಾಣವಚನಕ್ಕೆ ಕರೆ ಬಂತೆನ್ನಿ. ಮಾಲ್ಟಾ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ನೀಲಿ ಬಣ್ಣದ ಪಾಸ್‌ಪೋರ್ಟನ್ನು ಭಾರತದ ಹೈಕಮಿಷನ್ನಿಗೆ ಒಪ್ಪಿಸಿ ರದ್ದುಮಾಡಿಸಬೇಕು. ಬದಲಿಗೆ ಸಾಗರೋತ್ತರ ಭಾರತೀಯರ ಕಾರ್ಡಿಗೆ ಅರ್ಜಿ ಹಾಕಬಹುದು. ಅದಿದ್ದರೆ ವೀಸಾ ಇಲ್ಲದೆ ಊರಿಗೆ ಬಂದುಹೋಗಬಹುದು, ಪೇಟೆಯಲ್ಲಿ ಮನೆ ಕೊಳ್ಳಬಹುದು. ವೋಟು ಹಾಕುವಂತಿಲ್ಲ. ಅಪ್ಪನ ಗದ್ದೆ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಪಕ್ಕದ ಗದ್ದೆ ಮಾರಾಟಕ್ಕೆ ಬಂದರೆ ಕೊಳ್ಳುವಂತಿಲ್ಲ.