ಕೊಟ್ಟಿಗೆಯಲ್ಲಿ ನಿಂತ ಯೆಜ್ಡಿ

ಅಥಣಿಯಿಂದ ಸತ್ತಿಗೆ ಹೊರಟ ಬಸ್ಸು ಕಬ್ಬಿನ ಟ್ರಾಕ್ಟರಿನ ಹಿಂದೆ ಸಿಕ್ಕಿಕೊಂಡಿತೆಂದರೆ ಪ್ರಯಾಣಿಕನು ಗಡಿಯಾರವನ್ನು ಮರೆಯುವುದೇ ಲೇಸು. ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು, ಬೆನ್ನ ಮೇಲಿನ ಹೊರೆಯನ್ನು ಅತ್ತಿತ್ತ ತೂಗಾಡಿಸುತ್ತ, ಅದು ತನ್ನ ಮನಸ್ಸಿಗೆ ಬಂದಂತೆ ಹೋಗುತ್ತದೆ. ಇಬ್ಬದಿಯಲ್ಲೂ ಎರೆಮಣ್ಣು, ನೀರು ಏರಿದ ಕಡೆಯಲ್ಲೆಲ್ಲ ಕಬ್ಬು. ಅಂಗಡಿಯ ಹಲಗೆಗಳ ಮೇಲೆ ಕನ್ನಡ, ಅಂಗಡಿಯೊಳಗಿನ ಮಾತಿನಲ್ಲಿ ಕನ್ನಡದ ಜೊತೆ ಮರಾಠಿ. ಇನ್ನು ಸ್ವಲ್ಪ ಮುಂದೆ ಹೋದರೆ ಕೃಷ್ಣೆ. ಗಡಿನಾಡಿನ ಈ ಹಳ್ಳಿಗೆ ನಾನು ಬಾಲ್ಯದಲ್ಲಿ ಪ್ರತಿ ಬೇಸಗೆಯಲ್ಲೂ ಬರುತ್ತಿದ್ದೆ. ಈ ಸಲ ಬಂದದ್ದು ಚಿಗವ್ವನ ಕರೆಯ ಮೇರೆಗೆ.

“ತಮ್ಮಾ, ಸೋಮವಾರ ಗುಜರಿಯವ ಬರ್ತಾನ. ನಿಮ್ಮ ಕಾಕಾನ ಗಾಡಿ ಕಿಲೋದ ಲೆಕ್ಕದಾಗ ಹೋಗತೈತಿ. ನಿನಗ ಬೇಕಾದರ ಬಂದು ನೋಡು; ಆಮ್ಯಾಲ ನನಗ ಅನಬ್ಯಾಡ.”

ಕಾಕಾ ತೀರಿಕೊಂಡು ಮೂರು ವರ್ಷ. ಅವನ ಗಾಡಿಯೆಂದರೆ 1984ರಲ್ಲಿ ಕೊಂಡ 250 ಸಿ.ಸಿ.ಯ ಯೆಜ್ಡಿ ಮೋಟಾರುಸೈಕಲ್ಲು. ಅದರ ಪೆಟ್ರೋಲು ಟಾಕಿಯ ಮೇಲೆ ಕುಳಿತು ನಾನು ಮೊದಲ ಬಾರಿಗೆ ಅಥಣಿಯ ಪೇಟೆಯನ್ನು ಕಂಡವನು. ಸ್ಟಾರ್ಟು ಮಾಡುವ ಕಡ್ಡಿಯನ್ನೇ ಮುಂದಕ್ಕೆ ಹೊರಳಿಸಿದರೆ ಅದೇ ಗೇರು ಬದಲಿಸುವ ಕಡ್ಡಿಯಾಗುವ ಆ ಯಂತ್ರದ ಚಮತ್ಕಾರ ಆಗ ನನಗೆ ಯಾವ ಮಂತ್ರವಿದ್ಯೆಗೂ ಕಡಿಮೆಯಾಗಿರಲಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಾಗ ದನಗಳನ್ನು ಬಿಚ್ಚಿಕೊಂಡು ಹೋದ ಕಾಕಾ, ಗಾಡಿಯನ್ನು ಕೊಟ್ಟಿಗೆಯ ಕಂಬಕ್ಕೆ ಹಗ್ಗದಿಂದ ಬಿಗಿದು ಹೋಗಿದ್ದನು. ನೀರು ಇಳಿದ ಮೇಲೆ ಅದು ಕಟ್ಟಿದಲ್ಲೇ ಇತ್ತು; ಆದರೆ ಎಂಜಿನ್ನಿನೊಳಗೆಲ್ಲ ಕೆಸರು ಹೊಕ್ಕಿತ್ತು. ಅಂದಿನಿಂದ ಅದು ಸದ್ದು ಮಾಡಲಿಲ್ಲ.

ಅಥಣಿಯಿಂದ ಬರುವಾಗ ಪರಿಚಯದ ಒಬ್ಬ ಮಿಸ್ತ್ರಿಯನ್ನು ಕರೆದುಕೊಂಡು ಬಂದಿದ್ದೆ. ಆತ ಎಂಜಿನ್ನಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಗಾಡಿಯ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ, ಹಿಂದಿನ ಗಾಲಿಯಿಂದ ಮುಂದಿನ ಗಾಲಿಯವರೆಗೆ ಬಹಳ ಹೊತ್ತು ದಿಟ್ಟಿಸಿದ.

“ಸರ, ಎಂಜಿನ್ ಸಾಮಾನ ಎಲ್ಲೆರೆ ಹುಡುಕಿ ತರಬಹುದ್ರಿ. ಚಾಸಿ ಸೊಟ್ಟ ಆಗಿದ್ದರ ಮಾತ್ರ ಗುಜರಿಯವಗ ಕೊಟ್ಟು ಬಿಡ್ರಿ. ಮೊದಲ ಅದನ್ನ ನೋಡೂಣು.”

ಚಾಸಿ ಎಂದರೆ ಚೌಕಟ್ಟು. ಗಾಡಿಯ ಎಲುಬಿನ ಗೂಡು. ಹಳಗನ್ನಡ ಪಾಠ ಹೇಳುವ ನನಗೆ ಹಳೆಯ ಪಂದ್ಯದ ಮೋಟಾರುಸೈಕಲ್ಲುಗಳ ಚರಿತ್ರೆ ಓದುವ ಹುಚ್ಚು ಹಿಡಿದದ್ದು ಹೇಗೆಂದು ಸಹೋದ್ಯೋಗಿಗಳು ನಗುವುದುಂಟು. ಅದಕ್ಕೆ ಈ ಕೊಟ್ಟಿಗೆಯೇ ಕಾರಣ. ನಾನು ಓದಿದ್ದೆಲ್ಲವನ್ನೂ ಮಿಸ್ತ್ರಿ ಎರಡು ಮಾತಿನಲ್ಲಿ ಮುಗಿಸಿಬಿಟ್ಟನಲ್ಲ ಎಂದು ಆಗ ಅನ್ನಿಸಿತು.

ಎಂಜಿನ್ನು ವೇಗವನ್ನು ಕೊಡುತ್ತದೆ, ನಿಜ. ಆದರೆ ತಿರುವಿನಲ್ಲಿ ಗಾಡಿ ಒರಗಿದಾಗ ಹಿಂದಿನ ಗಾಲಿ ಒಂದು ದಿಕ್ಕಿಗೆ, ಹಿಡಿಕೆಯ ಕುತ್ತಿಗೆ ಇನ್ನೊಂದು ದಿಕ್ಕಿಗೆ ತಿರುಚಲು ನೋಡುತ್ತವೆ. ಆ ತಿರುಚನ್ನು ತಡೆಯುವುದು ಚೌಕಟ್ಟು. ಅದು ಸ್ವಲ್ಪ ಬಳುಕಿದರೂ ಗಾಡಿ ಹಾವಿನಂತೆ ಹೊರಳಾಡುತ್ತದೆ. ಸವಾರನು ಹೆದರಿ ವೇಗವನ್ನು ತಗ್ಗಿಸುತ್ತಾನೆ. ಹೀಗಾಗಿ ದುರ್ಬಲ ಚೌಕಟ್ಟಿನ ಬಲಿಷ್ಠ ಎಂಜಿನ್ನು ಗಟ್ಟಿ ಚೌಕಟ್ಟಿನ ಸಾಧಾರಣ ಎಂಜಿನ್ನಿಗೆ ಸೋಲುತ್ತದೆ.

ಇಂಗ್ಲೆಂಡಿನ ನಾರ್ಟನ್ ಕಂಪನಿ ಇದನ್ನು 1950ರಲ್ಲಿ ಜಗತ್ತಿಗೆ ತೋರಿಸಿತು. ಅದುವರೆಗಿನ ಅದರ ಪಂದ್ಯದ ಗಾಡಿಯ ಚೌಕಟ್ಟನ್ನು ಜನರು ‘ತೋಟದ ಬಾಗಿಲು’ ಎಂದು ಹಾಸ್ಯಮಾಡುತ್ತಿದ್ದರು. ಬೆಲ್‌ಫಾಸ್ಟಿನ ರೆಕ್ಸ್ ಮೆಕ್‌ಕ್ಯಾಂಡ್ಲೆಸ್ ಹೊಸದೊಂದನ್ನು ರೂಪಿಸಿದ. ಎರಡು ಉಕ್ಕಿನ ಕೊಳವೆಗಳು ಕುತ್ತಿಗೆಯಿಂದ ಹೊರಟು, ಹಿಂದಕ್ಕೆ ಸಾಗಿ, ಕೆಳಗಿಳಿದು, ಎಂಜಿನ್ನಿನ ಅಡಿಯಲ್ಲಿ ಮುಂದಕ್ಕೆ ಬಂದು, ಮತ್ತೆ ಕುತ್ತಿಗೆಗೇ ಏರುತ್ತವೆ. ಎರಡು ಕುಣಿಕೆಗಳ ನಡುವೆ ಎಂಜಿನ್ನು ತೊಟ್ಟಿಲಲ್ಲಿಟ್ಟಂತೆ ಕೂರುತ್ತದೆ. ಹೆರಾಲ್ಡ್ ಡ್ಯಾನಿಯೆಲ್ ಎಂಬ ಸವಾರ ಅದನ್ನು ಓಡಿಸಿ ನೋಡಿ ಗರಿಯ ಹಾಸಿಗೆಗೆ ಹೋಲಿಸಿದನಂತೆ. ಅಂದಿನಿಂದ ಅದಕ್ಕೆ ‘ಫೆದರ್‌ಬೆಡ್’ ಎಂಬ ಹೆಸರೇ ನಿಂತಿತು. ಆ ವರ್ಷ ಐಲ್ ಆಫ್ ಮ್ಯಾನ್ ದ್ವೀಪದ ಟಿ.ಟಿ. ಪಂದ್ಯಗಳಲ್ಲಿ, 350 ಮತ್ತು 500 ಸಿ.ಸಿ. ವರ್ಗಗಳೆರಡರಲ್ಲೂ, ಮೊದಲ ಮೂರು ಸ್ಥಾನ ನಾರ್ಟನ್ನಿನ ಪಾಲಾಯಿತು. ಸೀನಿಯರ್ ಪಂದ್ಯವನ್ನು ಗೆದ್ದ ಜೆಫ್ ಡ್ಯೂಕ್ ಮರುವರ್ಷ ಎರಡೂ ವರ್ಗಗಳಲ್ಲಿ ಜಗತ್ತಿನ ಚಾಂಪಿಯನ್ನನಾದನು. ಎಂಜಿನ್ನು ಒಂದೇ ಸಿಲಿಂಡರಿನದು. ಎದುರಾಳಿ ಇಟಲಿಯ ಗಿಲೆರಾಗಳಿಗೆ ನಾಲ್ಕು.

ಅದಾದ ಮೇಲೆ ಚೌಕಟ್ಟು ಕಟ್ಟುವುದೇ ಒಂದು ಕಸಬಾಯಿತು. ತೆಳುಗೋಡೆಯ ರೆನಾಲ್ಡ್ಸ್ 531 ಕೊಳವೆಯನ್ನು ಕಂಚಿನ ಸಲಾಕಿಯಿಂದ ಬೆಸೆಯುವುದು ಅವರ ಮುಖ್ಯ ವಿದ್ಯೆ. ಕಂಚು ಕಡಿಮೆ ಶಾಖದಲ್ಲಿ ಕರಗುವುದರಿಂದ ಉಕ್ಕು ತನ್ನ ಕಸುವನ್ನು ಹೆಚ್ಚಾಗಿ ಕಳೆದುಕೊಳ್ಳದು. ರಿಕ್‌ಮನ್ ಸೋದರರು ತಮ್ಮ ಚೌಕಟ್ಟುಗಳಿಗೆ ನಿಕಲ್ ಹೊಳಪು ಕೊಟ್ಟು, ಒಬ್ಬರ ಎಂಜಿನ್ನು ಇನ್ನೊಬ್ಬರ ಗೇರು ಕೂಡಿದ ಅವಕ್ಕೆ ‘ಬೆರಕೆ ತಳಿ’ ಎಂಬರ್ಥದ ಮೆಟೀಸ್ ಎಂಬ ಹೆಸರಿಟ್ಟರು. ಡೇವ್ ಡೀಗನ್ಸ್ ನಾರ್ಟನ್ ಚೌಕಟ್ಟಿನಲ್ಲಿ ಟ್ರಯಂಫ್ ಎಂಜಿನ್ನು ಕೂರಿಸಿದ ತನ್ನದೇ ಗಾಡಿಯನ್ನು ಜೊತೆಗಾರನೊಂದಿಗೆ ಸರದಿಯಲ್ಲಿ ಓಡಿಸಿ, 1965ರಲ್ಲಿ ಬಾರ್ಸೆಲೋನಾದ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಗೆದ್ದ. ಸೈಡ್‌ಕಾರ್ ಸವಾರ ಕಾಲಿನ್ ಸೀಲಿಯಂತೂ 1966ರಲ್ಲಿ ಎ.ಜೆ.ಎಸ್. ಮತ್ತು ಮ್ಯಾಚ್‌ಲೆಸ್ ಪಂದ್ಯದ ಗಾಡಿಗಳ ಹಕ್ಕನ್ನೇ ಕೊಂಡುಬಿಟ್ಟ.

ನಮ್ಮಲ್ಲಿ? ರುಸ್ತುಮ್ ಇರಾನಿ ಮತ್ತು ಫಾರೂಕ್ ಇರಾನಿಯವರ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನಲ್ಲಿ 1961ರಿಂದ ಜೆಕ್ ದೇಶದ ಜಾವಾ ಮಾದರಿಯನ್ನು ಕಟ್ಟತೊಡಗಿತು; 1973ರಿಂದ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು; 1996ರಲ್ಲಿ ಕಾರ್ಖಾನೆ ಮುಚ್ಚಿತು. ಮದರಾಸಿನ ಬಳಿಯ ಷೋಳಾವರಮ್ಮಿನ ಯುದ್ಧಕಾಲದ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದ ಪಂದ್ಯಗಳಿಗೆ ಇದೇ ಮೈಸೂರಿನ ಗಾಡಿಗಳು ಹೋದವು. ವಿದೇಶದ ಪಂದ್ಯದ ಗಾಡಿಯನ್ನು ತರಿಸುವುದು ದುಸ್ಸಾಧ್ಯವಾಗಿದ್ದ ಆ ಕಾಲದಲ್ಲಿ, ಹಾಲಿನ ಕ್ಯಾನು ಹೊರುವ ಗಾಡಿಯನ್ನೇ ಕೊಯ್ದು, ಬೆಸೆದು, ಹಗುರ ಮಾಡಿ ಓಡಿಸಬೇಕಾಗಿತ್ತು. ಸಿಲಿಂಡರಿನ ತಲೆಯಲ್ಲಿ ಗೀರು ಕೊರೆದು ಉರಿಯುವಿಕೆಯನ್ನು ಉತ್ತಮಪಡಿಸುವ ಉಪಾಯಕ್ಕೆ ಮೈಸೂರಿನ ಸೋಮೇಂದರ್ ಸಿಂಗ್ 2001ರಲ್ಲಿ ಅಮೆರಿಕದ ಪೇಟೆಂಟು ಪಡೆದರು. ಎಂಜಿನ್ನಿನ ವಿದ್ಯೆಗೆ ಹೀಗೆ ಹೆಸರುಂಟು. ಕೊಳವೆಗಳನ್ನು ನೇರಮಾಡಿ ಬೆಸೆದ ಕೈಗಳಿಗೆ ಮಾತ್ರ ಟಾಕಿಯ ಮೇಲೆ ಎಂದೂ ಹೆಸರು ಬರಲಿಲ್ಲ. ನನಗೆ ಇದು ಅನ್ಯಾಯವೆಂದೇ ತೋರುತ್ತದೆ.

ಮಿಸ್ತ್ರಿಗೆ ಕಣ್ಣಳತೆಯಲ್ಲಿ ಸಂದೇಹ ಉಳಿಯಿತು. ಚಿಗವ್ವ ಓಣಿಯ ಮುದುಕ ಬಡಿಗೇರನಿಗೆ ಹೇಳಿಕಳಿಸಿದಳು. ಶರ್ಯತ್ತಿನ ಚಕ್ಕಡಿ ಕಟ್ಟುವುದರಲ್ಲಿ ಆತ ಪಳಗಿದ ಕೈ. ಹೊರೆ ಹೊರುವ ಚಕ್ಕಡಿ ಬೇರೆ, ಓಟದ ಚಕ್ಕಡಿ ಬೇರೆ. ಎರಡನೆಯದರಲ್ಲಿ ಒಂದು ಗೇಣು ಮರವೂ ಹೆಚ್ಚಿರಬಾರದು, ಆದರೂ ಅಚ್ಚು ಅಲುಗಬಾರದು. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಎತ್ತಿನ ಓಟಗಳು ನಿಂತಾಗ ಆತನ ಬಾಚಿಯೂ ಮೂಲೆ ಸೇರಿತ್ತು. 2017ರಲ್ಲಿ ಕರ್ನಾಟಕದ ತಿದ್ದುಪಡಿ ಕಾಯಿದೆ ಬಂತು; 2023ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ ಅಷ್ಟರಲ್ಲಿ ಆತನ ಮಗ ಅಲ್ಯೂಮಿನಿಯಂ ಕಿಟಕಿ ಕೂರಿಸುವ ಕೆಲಸಕ್ಕೆ ಹೋಗಿಯಾಗಿತ್ತು. ಈ ವಿಷಯವನ್ನು ಮುದುಕ ಯಾವ ಕಹಿಯೂ ಇಲ್ಲದೆ ಹೇಳಿದ.

ಆತ ತಂದದ್ದು ಒಂದು ದಾರದ ಉಂಡೆ, ಒಂದು ತೂಗುಗುಂಡು. ಟಾಯರುಗಳು ಕೊಳೆತಿದ್ದರಿಂದ ಅವನ್ನು ಕಳಚಿ, ಗಾಡಿಯನ್ನು ಕಲ್ಲುಗಳ ಮೇಲೆ ನಿಲ್ಲಿಸಿದೆವು. ಹಿಂದಿನ ರಿಮ್ಮಿನ ಎರಡಂಚಿಗೂ ತಾಗಿಸಿ ಮುಂದಕ್ಕೆ ಎಳೆದ ದಾರ ಮುಂದಿನ ರಿಮ್ಮಿನ ಎರಡಂಚಿಗೂ ತಾಗಬೇಕು. ಎರಡೂ ಬದಿಗೆ ಹೀಗೆಯೇ. ಎಡಗಡೆಯ ದಾರ ಮುಂದಿನ ರಿಮ್ಮಿನಿಂದ ಒಂದು ಹೆಬ್ಬೆರಳಿನಷ್ಟು ದೂರ ನಿಂತಿತು. ಬಲಗಡೆ ರಿಮ್ಮೇ ದಾರವನ್ನು ಹೊರಕ್ಕೆ ನೂಕಿತು.

ನನ್ನ ಎದೆ ಕುಸಿಯಿತು. ಮಿಸ್ತ್ರಿ ತಲೆ ಅಲ್ಲಾಡಿಸಿದ. ಚಿಗವ್ವ ಬಾಗಿಲಲ್ಲಿ ನಿಂತು ಏನೂ ಅನ್ನಲಿಲ್ಲ.

ಬಡಿಗೇರ ಮಾತ್ರ ದಾರವನ್ನು ಬಿಟ್ಟು ಹಿಂದಿನ ಗಾಲಿಯ ಅಚ್ಚಿನ ಬಳಿ ಕುಳಿತ. ಅಚ್ಚಿನ ಎರಡು ತುದಿಗಳಲ್ಲೂ ಚೈನು ಬಿಗಿಮಾಡುವ ತಿರುಪುಗಳಿರುತ್ತವೆ. ಬೆರಳಿನಿಂದ ಎಡದ್ದನ್ನು ಅಳೆದ, ಬಲದ್ದನ್ನು ಅಳೆದ.

“ಮಿಸ್ತ್ರಿ, ಇದು ಎಲುಬಿನ ಸೊಟ್ಟ ಅಲ್ಲೋ. ಅಚ್ಚು ಅಡ್ಡ ಕುಂತೈತಿ. ಚೈನ ಬಿಗಿ ಮಾಡಿದವ ಒಂದ ಕಡಿ ಎಳದು ಇನ್ನೊಂದ ಕಡಿ ಮರತಾನ.”

ಮರೆತವನು ಕಾಕಾನೇ ಇರಬೇಕು. ಅವನ ಗಡಿಬಿಡಿಯನ್ನು ಬಲ್ಲ ಚಿಗವ್ವ ಆಗ ಮೊದಲ ಸಲ ನಕ್ಕಳು. ತಿರುಪುಗಳು ತುಕ್ಕಿನಿಂದ ಕಲ್ಲಾಗಿದ್ದವು. ಡೀಸೆಲ್ಲಿನಲ್ಲಿ ನೆನೆಸಿದ ಅರಿವೆಯನ್ನು ಸುತ್ತಿ, ಎರಡು ಸಲ ಚಹಾ ಕುಡಿದು, ಹೊತ್ತು ಇಳಿಯುವವರೆಗೆ ಕಾದೆವು. ಕೊನೆಗೆ ಬಲಗಡೆಯದು ಕಿರುಗುಟ್ಟಿ ಸಡಿಲವಾಯಿತು. ಅಚ್ಚನ್ನು ಸರಿಪಡಿಸಿ ಮತ್ತೆ ದಾರ ಹಿಡಿದಾಗ ಅದು ಎಡಕ್ಕೂ ಬಲಕ್ಕೂ, ಹಿಂದಕ್ಕೂ ಮುಂದಕ್ಕೂ, ನಾಲ್ಕೂ ಅಂಚುಗಳನ್ನು ಮುಟ್ಟಿತು. ಬಡಿಗೇರ ಅಷ್ಟಕ್ಕೆ ಒಪ್ಪದೆ ತೂಗುಗುಂಡನ್ನು ಮೊದಲು ಹಿಂದಿನ ಗಾಲಿಯ ಬಳಿ, ಬಳಿಕ ಮುಂದಿನ ಗಾಲಿಯ ಬಳಿ ಇಳಿಬಿಟ್ಟ. ಎರಡು ಗಾಲಿಗಳೂ ಒಂದೇ ನೇರದಲ್ಲಿ ನಿಂತಿದ್ದವು. ಹೊಳೆಯ ನೀರು ಎಂಜಿನ್ನನ್ನು ಕೆಡಿಸಿತ್ತು. ಮೈಸೂರಿನ ಬೆಸುಗೆಯನ್ನು ಅಲುಗಿಸಲಾಗಿರಲಿಲ್ಲ.

“ಎಷ್ಟ ಕೊಡಲೆಪ್ಪಾ?” ಎಂದು ಚಿಗವ್ವ ಬಡಿಗೇರನನ್ನು ಕೇಳಿದಳು.

“ದಾರ ಹಿಡದದ್ದಕ್ಕ ಏನ ರೊಕ್ಕವ್ವಾ!” ಎಂದು ಆತ ಉಂಡೆಯನ್ನು ಸುತ್ತಿಕೊಂಡು ಹೊರಟುಹೋದ.

ಸೋಮವಾರ ಬೆಳಿಗ್ಗೆ ಗುಜರಿಯವನು ಬಂದ. ಹಳೆಯ ಪಂಪಿನ ಕೊಳವೆಗಳನ್ನೂ ಮುರಿದ ಕುಂಟೆಯ ಕಬ್ಬಿಣವನ್ನೂ ತೂಗಿ ಹಣ ಎಣಿಸಿದ. ಕೊಟ್ಟಿಗೆಯ ಕಡೆ ಬೆರಳು ತೋರಿಸಿದ. ಚಿಗವ್ವ ಟ್ರಂಕಿನಿಂದ ಆಗಷ್ಟೇ ತೆಗೆದಿದ್ದ ಗಾಡಿಯ ಕಾಗದಗಳನ್ನು ಸೆರಗಿನ ಅಂಚಿನಿಂದ ಒರೆಸುತ್ತಿದ್ದಳು. ಅವನ್ನು ನನ್ನ ಕೈಗಿಟ್ಟು, “ಅದು ಅಥಣಿಗೆ ಹೊಂಟೈತಿ,” ಎಂದು ಅವನಿಗೆ ಹೇಳಿ ಒಲೆಯ ಕಡೆಗೆ ಹೋದಳು.