ಕೆರೆಯ ಮೇಲೆ ಬಸ್ ನಿಲ್ದಾಣ

ಮೊಮ್ಮಗಳಿಗೆ ಶಾಲೆಯಲ್ಲಿ ‘ನನ್ನ ಊರು’ ಎಂಬ ಪ್ರಬಂಧ ಬರೆಯಲು ಹೇಳಿದ್ದರು. “ತಾತ, ಬೆಂಗಳೂರಿನ ಬಗ್ಗೆ ಏನು ಬರೀಲಿ? ಟ್ರಾಫಿಕ್ ಬಿಟ್ಟರೆ ಇನ್ನೇನಿದೆ?” ಎಂದಳು. ಭಾನುವಾರ ಬೆಳಿಗ್ಗೆಯೇ ಅವಳ ಕೈಹಿಡಿದು ಹೊರಟೆ.

ಮೊದಲು ಇಳಿದದ್ದು ಮೆಜೆಸ್ಟಿಕ್‌ನಲ್ಲಿ. “ನೀನೀಗ ಕೆರೆಯೊಳಗೆ ನಿಂತಿದ್ದೀಯ” ಎಂದೆ. ಅವಳು ತನ್ನ ಚಪ್ಪಲಿ ನೋಡಿಕೊಂಡು ನಕ್ಕಳು. ತಮಾಷೆಯಲ್ಲ. ಅಲ್ಲಿದ್ದದ್ದು ಧರ್ಮಾಂಬುಧಿ ಕೆರೆ. ಪೇಟೆಯ ಜನ ಅದರ ನೀರನ್ನೇ ಕುಡಿಯುತ್ತಿದ್ದರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ಆಮೇಲೆ ಕೆರೆಗಳ ಮೇಲಿನ ಅಕ್ಕರೆಯೂ ಕಡಿಮೆಯಾಯಿತು.

ಅಲ್ಲಿಂದ ಬಳೇಪೇಟೆ ದಾಟಿ ಚಿಕ್ಕಪೇಟೆಗೆ ನಡೆದೆವು. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ ಊರು ಮಾಡಿದರು. ನಾಲ್ಕು ಜೋಡಿ ಎತ್ತುಗಳು ನಾಲ್ಕು ದಿಕ್ಕಿಗೆ ನೇಗಿಲು ಎಳೆದ ಗೆರೆಗಳೇ ಬೀದಿಗಳಾದವು ಎಂದು ಕಥೆ ಹೇಳುತ್ತಾರೆ. ಅಕ್ಕಿಪೇಟೆ, ಅರಳೇಪೇಟೆ, ಕುಂಬಾರಪೇಟೆ ಎಂದು ಒಂದೊಂದೇ ಹೆಸರು ಹೇಳುತ್ತ ಹೋದೆ. ಅಲ್ಲಿ ಯಾರು ಏನು ಮಾಡುತ್ತಿದ್ದರೆಂದು ಅವಳೇ ಊಹಿಸಿದಳು.

ಮಾರ್ಕೆಟ್ ಹತ್ತಿರ ಕಲ್ಲಿನ ಕೋಟೆಯ ಒಂದು ತುಂಡು ಉಳಿದಿದೆ. 1761ರಲ್ಲಿ ಹೈದರಾಲಿ ಕಟ್ಟಿಸಲು ತೊಡಗಿದ ಕೋಟೆ ಅದು. 1791ರಲ್ಲಿ ಬ್ರಿಟಿಷರು ಅದನ್ನು ಒಡೆದು ಒಳನುಗ್ಗಿದರು. ಆ ಜಾಗವನ್ನು ತೋರಿಸುವ ಕಲ್ಲುಹಲಗೆ ಗೋಡೆಯಲ್ಲಿದೆ.

ಬಸ್ಸು ಹತ್ತಿ ಲಾಲ್‌ಬಾಗ್‌ಗೆ ಬಂದೆವು. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. “ನಿಮಗಿಂತ ದೊಡ್ಡದಾ?” ಎಂದು ಕೇಳಿದಳು ತುಂಟಿ! ಬಂಡೆಯ ಮೇಲೆ ಕೆಂಪೇಗೌಡರ ಗೋಪುರ. ಹಲಸೂರು ಕೆರೆ, ಕೆಂಪಾಂಬುಧಿ ಕೆರೆ, ಮೇಖ್ರಿ ವೃತ್ತದ ಬಳಿ ಇಂಥವೇ ಇನ್ನೂ ಮೂರಿವೆ. ಊರು ಅಲ್ಲಿಯವರೆಗೆ ಬೆಳೆಯುತ್ತದೆಂದು ಹಿರಿಯರು ಎಣಿಸಿದ್ದರಂತೆ. ಮೇಲೆ ನಿಂತು ನೋಡಿದರೆ ಈಗ ಕಣ್ಣು ಹಾಯುವಷ್ಟೂ ಕಟ್ಟಡಗಳೇ.

“ಸಂಪಂಗಿ ಕೆರೆಯೂ ಹೋಯಿತು, ಕಂಠೀರವ ಕ್ರೀಡಾಂಗಣ ಬಂತು. ಕರಗದ ಪೂಜೆಗೆಂದು ಪಕ್ಕದಲ್ಲಿ ಒಂದು ಪುಟ್ಟ ಕೊಳ ಉಳಿದಿದೆ” ಎಂದೆ.

“ನಮ್ಮ ಮನೆ ಹತ್ತಿರ ಕೆರೆ ಇರಲಿಲ್ವಾ ತಾತ?”

ಇತ್ತು. ಚಿಕ್ಕದು. ಲಾರಿಗಳು ಮಣ್ಣು ತಂದು ಸುರಿಯುವಾಗ ನಾನು ದಿನವೂ ಅದರ ಪಕ್ಕದಲ್ಲೇ ಆಫೀಸಿಗೆ ಹೋಗುತ್ತಿದ್ದೆ.

“ನೀವು ಬೇಡ ಅನ್ನಲಿಲ್ವಾ?”

“ಇಲ್ಲ ಮಗಳೇ. ಸುಮ್ಮನಿದ್ದೆ.”

ಅವಳು ಮಾತಾಡಲಿಲ್ಲ. ಇಳಿದು ಬಂದು ಲಾಲ್‌ಬಾಗ್ ಕೆರೆಯ ದಡದಲ್ಲಿ ಬಹಳ ಹೊತ್ತು ಕೂತೆವು. ಮನೆಗೆ ಬಂದು ಪ್ರಬಂಧದ ಮೊದಲ ಸಾಲು ಬರೆದಳು: ‘ನಮ್ಮ ಮನೆ ಹತ್ತಿರ ಒಂದು ಕೆರೆ ಇತ್ತು. ನಮ್ಮ ತಾತ ನೋಡಿದ್ದಾರೆ.’

ಮಕ್ಕಳೇ, ನಿಮ್ಮ ಬೀದಿಯಲ್ಲಿ ಹಿಂದೆ ಏನಿತ್ತು? ಅಜ್ಜಿ-ತಾತನನ್ನು ಇವತ್ತೇ ಕೇಳಿ. ಈಗ ಉಳಿದಿರುವುದನ್ನೂ ಒಮ್ಮೆ ನೋಡಿ ಬನ್ನಿ.