ಗಾರೆಯ ಮೇಲಿನ ಹೆಸರು

ನಗರವೆಂದ ಮೇಲೆ ಅದಕ್ಕೊಂದು ಕಟ್ಟಳೆ ಇರಲೇಬೇಕು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದಿದೆ. ಬೀದಿಯಲ್ಲಿ ಕಸಮಣ್ಣು ಸುರಿದವನಿಗೆ ಪಣದ ಎಂಟನೆಯ ಒಂದು ಭಾಗ ದಂಡ. ರಾಜಮಾರ್ಗದಲ್ಲಾದರೆ ಅದರ ಇಮ್ಮಡಿ. ಬೆಂಕಿಯ ಭಯಕ್ಕಾಗಿ ಮನೆಮನೆಯಲ್ಲೂ ನೀರಿನ ಕೊಡಗಳಿರತಕ್ಕದ್ದು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹುಡುಗರಿಗೆ ಸಂಸ್ಕೃತ ಹೇಳಿಕೊಟ್ಟ ನಾವು ಇದನ್ನು ಎಷ್ಟೋ ಸಲ ವಿವರಿಸಿದ್ದೇವೆ. ಆದರೆ ವಿಧಿಯನ್ನು ವಿವರಿಸುವುದು ಬೇರೆ, ಆ ವಿಧಿಯೇ ನಮ್ಮ ಕೈ ಹಿಡಿದು ಕೇಳುವುದು ಬೇರೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯವರಾದ ನಮಗೆ ರಾಜಧಾನಿಯೆಂದರೆ ಮೊದಲು ನೆನಪಾಗುವುದು ಹಂಪೆಯೇ. ೧೫೬೫ರಲ್ಲಿ ಹಾಳಾದ ಆ ಪಟ್ಟಣದ ಹೆಸರೇ ೨೦೨೧ರಲ್ಲಿ ನಮ್ಮ ಹೊಸ ಜಿಲ್ಲೆಗೆ ಬಂದಿತು. ಅರಸರು ಹೋದರೂ ಪಾಲನೆಯ ಭಾರ ಹೋಗಲಿಲ್ಲ. ಅದು ದೆಹಲಿಯ ಪಾರ್ಲಿಮೆಂಟಿನ ಪಾಲಿಗೆ ಬಂದಿತು. ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ರಕ್ಷಿತ ಸ್ಮಾರಕವನ್ನು ಕೆಡಿಸಿದವನಿಗೆ ಮೂರು ತಿಂಗಳವರೆಗೆ ಸೆರೆ, ಇಲ್ಲವೇ ೫,೦೦೦ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಿತು. ೨೦೧೦ರ ತಿದ್ದುಪಡಿಯಿಂದ ಅದು ಎರಡು ವರ್ಷಕ್ಕೂ ಒಂದು ಲಕ್ಷಕ್ಕೂ ಏರಿತು. ಸ್ಮಾರಕದ ಸುತ್ತ ೧೦೦ ಮೀಟರು ನಿಷಿದ್ಧ ಪ್ರದೇಶ. ಅದರಾಚೆ ೨೦೦ ಮೀಟರು ನಿಯಂತ್ರಿತ ಪ್ರದೇಶ. ಬಾಗಳಿಯ ಕಲ್ಲೇಶ್ವರನಿಗೂ ಕುರುವತ್ತಿಯ ಮಲ್ಲಿಕಾರ್ಜುನನಿಗೂ ಇದೇ ಕಾಯಿದೆಯ ಕಾವಲು.

ಇನ್ನು ನಮ್ಮ ವಿಷಯ. ೧೯೭೭ರಲ್ಲಿ, ನಮಗೆ ಹನ್ನೆರಡು ವರ್ಷವಾಗಿದ್ದಾಗ, ಕೊಟ್ಟೂರಿನಿಂದ ರೈಲಿನಲ್ಲಿ ಹೊಸಪೇಟೆಗೆ ಹೋಗಿ ಹಂಪೆಯನ್ನು ನೋಡಿದೆವು. ಗುರುಗಳು ಮುಂದೆ ಹೋದರು, ನಾವು ಹಿಂದುಳಿದೆವು. ಒಂದು ಮಂಟಪದ ಗಾರೆಯ ಮೇಲೆ ಕೈವಾರದ ಮೊನೆಯಿಂದ ನಮ್ಮ ಹೆಸರನ್ನೂ ಊರಿನ ಹೆಸರನ್ನೂ ಗೀರಿದೆವು. ಆಗ ಅದು ಪಾಪವೆಂದು ತೋರಲಿಲ್ಲ; ಪರಾಕ್ರಮವೆಂದು ತೋರಿತು.

೨೦೧೯ರಲ್ಲಿ ಕೆಲವು ತರುಣರು ಅಲ್ಲಿಯ ವಿಷ್ಣು ದೇವಾಲಯದ ಕಂಬವೊಂದನ್ನು ಉರುಳಿಸಿದರು. ನ್ಯಾಯಾಲಯವು ಅವರಿಗೆ ತಲಾ ೭೦,೦೦೦ ರೂಪಾಯಿ ದಂಡ ವಿಧಿಸಿತು. ಉರುಳಿಸಿದ ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸಲಾಯಿತು. ಆ ವರ್ಷ ನಾವು ನಮ್ಮ ಶಿಷ್ಯರನ್ನು ಕರೆದುಕೊಂಡು ಹೋಗಿ ಈ ಕಥೆಯನ್ನು ಗಂಭೀರವಾಗಿ ಹೇಳುತ್ತಿದ್ದೆವು. ಹುಡುಗನೊಬ್ಬನು ಗೋಡೆಯ ಕಡೆ ಬೆರಳು ಮಾಡಿ, "ಸಾರ್, ಹೀಗೆ ಹೆಸರು ಬರೆದವರಿಗೂ ದಂಡ ಉಂಟೇ?" ಎಂದು ಕೇಳಿದನು. "ಉಂಟು" ಎಂದೆವು. "ಸಿಕ್ಕದೆ ಹೋದವರಿಗೆ?" ಎಂದನು. ನಾವು ಮಾತು ಮರೆಸಿ ಮುಂದೆ ನಡೆದೆವು.

ಕಾಯಿದೆಗೆ ಮತ್ತೊಂದು ಮುಖವೂ ಇದೆ. ೨೦೧೧ರ ಜುಲೈಯಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಸಂಸಾರ ಹೂಡಿದ್ದವರನ್ನು ತೆರವು ಮಾಡಿಸಿದರು. ಅಲ್ಲಿ ಚಹಾ ಮಾರುತ್ತಿದ್ದ ನಮ್ಮ ಪರಿಚಯದ ಮುದುಕಿಯೊಬ್ಬಳು, "ಕಲ್ಲು ಉಳೀಬೇಕು, ಖರೆ. ನಾವು ಎಲ್ಲಿ ಉಳೀಬೇಕು ಮೇಷ್ಟ್ರೇ?" ಎಂದಳು. ಇದಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. ಅವಳು ಗೋಡೆಯನ್ನು ಗೀರಿದವಳಲ್ಲ. ದಿನವೂ ಅಂಗಳ ಗುಡಿಸಿದವಳು. ಅವಳು ನೆಲೆ ಕಳೆದುಕೊಂಡಳು. ಗೀರಿದ ನಾವು ಮಾತ್ರ ಶಾಲು ಹೊದಿಸಿಕೊಂಡು ನಿವೃತ್ತರಾದೆವು.

ಈಚೆಗೆ ಮೊಮ್ಮಗನೊಡನೆ ಪುನಃ ಆ ಮಂಟಪಕ್ಕೆ ಹೋದೆವು. ಅಕ್ಷರಗಳು ಮಾಸಿವೆ, ಆದರೆ ಓದಲು ಬರುತ್ತವೆ. ಅವನಿಗೆ ಎಲ್ಲವನ್ನೂ ಹೇಳಿದೆವು. ಅವನು ಕ್ಷಣಕಾಲ ನಮ್ಮ ಮುಖ ನೋಡಿ, "ಅಳಿಸಿಬಿಡೋಣ ತಾತಾ" ಎಂದನು. "ಬೇಡಪ್ಪಾ, ಅಳಿಸಲು ಹೋದರೆ ಉಳಿದ ಗಾರೆಯೂ ಉದುರೀತು" ಎಂದೆವು. ದಂಡವನ್ನಾದರೆ ತೆತ್ತು ಮುಗಿಸಬಹುದು, ಇದು ಹಾಗಲ್ಲ.

ವಾಚಕರು ಮಕ್ಕಳನ್ನು ಕರೆದುಕೊಂಡು ಹಂಪೆಗೆ ಹೋಗುವರು, ಬಾಗಳಿಗೂ ಹೋಗುವರು. ಕಾಯಿದೆಯ ಅಂಕಿಗಳನ್ನು ಹೇಳಿದರೆ ಮಕ್ಕಳು ಮರೆತಾರು. ಕೊಟ್ಟೂರಿನ ಮೇಷ್ಟ್ರೊಬ್ಬರ ಹೆಸರು ಅಲ್ಲೊಂದು ಗಾರೆಯ ಮೇಲಿದೆ, ಅದನ್ನು ಅಳಿಸಲಾರದೆ ಅವರು ಇಂದಿಗೂ ತಲೆತಗ್ಗಿಸುತ್ತಾರೆ ಎಂದು ಹೇಳಿರಿ; ಅದನ್ನು ಮರೆಯಲಾರರು.